ಥೈರಾಯ್ಡ್ ತೆಗೆಸಲೇಬೇಕಾ?

ಕೇರಳದ ಗಡಿಯ ಬದಿಯಡ್ಕದಿಂದ ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದ ಅಮ್ಮನಿಗೆ ಡಾಕ್ಟರು 'ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಲ್ಲಿ ಗಂಟಿದೆ, ತೆಗೆದುಬಿಡೋಣ' ಅಂದರು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಗಂಟು ಅಂದ ಕೂಡಲೇ ಕ್ಯಾನ್ಸರ್ ಅಲ್ಲ, ಹೆಚ್ಚಿನವು ನಿರಪಾಯದವೇ.

ಮೊದಲು ಟಿಎಸ್‌ಎಚ್ ರಕ್ತಪರೀಕ್ಷೆ (ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿದೆಯಾ ಅಂತ ತಿಳಿಯಲು), ಆಮೇಲೆ ಅಲ್ಟ್ರಾಸೌಂಡ್. 1 ಸೆಂಟಿಮೀಟರಿಗಿಂತ ಚಿಕ್ಕ ಗಂಟಿಗೆ ಸಾಮಾನ್ಯವಾಗಿ ಸೂಜಿ ಪರೀಕ್ಷೆಯೂ (ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ನೋಡುವುದು) ಬೇಡ. ಸೂಜಿ ಹಾಕಿಸಿದ್ದರೆ ವರದಿಯಲ್ಲಿ 'ಬೆಥೆಸ್ಡಾ' ಅಂತ 1ರಿಂದ 6ರವರೆಗಿನ ಒಂದು ಅಂಕೆ ಇರುತ್ತದೆ, ಅದನ್ನು ಹುಡುಕಿ. 1 ಅಂದರೆ ಒಳ್ಳೆಯದು ಅಂತ ನಾವು ಸುಮ್ನೆ ಖುಷಿಪಟ್ಟಿದ್ದೆವು, ಆದರೆ ಅದರ ಅರ್ಥ ಮಾದರಿ ಸಾಲದು, ಮತ್ತೆ ಸೂಜಿ ಹಾಕಬೇಕು ಅಂತ! 2 ಬಂದರೆ ನಿರಪಾಯ, ಆಗಾಗ ಸ್ಕ್ಯಾನ್ ಮಾಡಿಸಿದರೆ ಸಾಕು. 5 ಅಂದರೆ ಕ್ಯಾನ್ಸರ್ ಶಂಕೆ, 6 ಅಂದರೆ ಕ್ಯಾನ್ಸರ್; ಇವು ಬಂದರೆ ಸಾಮಾನ್ಯವಾಗಿ ಆಪರೇಷನ್. ಗೊಂದಲ ಇರುವುದು 3, 4ರಲ್ಲಿ. ಅಲ್ಲಿ ಅವಸರ ಬೇಡ, ಅರ್ಧ ಗ್ರಂಥಿ ತೆಗೆದರೆ ಸಾಕಾ ಅಂತ ಕೇಳಿ.

ಗಂಟು ನಿರಪಾಯದ್ದೇ ಆದರೂ ನುಂಗಲು, ಉಸಿರಾಡಲು ಕಷ್ಟವಾದರೆ ತೆಗೆಸಬೇಕಾಗಬಹುದು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಕಾಯಿಲೆ ಮಾತ್ರೆಗೆ ಬಗ್ಗದಿದ್ದರೂ ಅಷ್ಟೇ, ಅದಕ್ಕೆ ರೇಡಿಯೋ ಅಯೋಡಿನ್ ಕೂಡ ಇದೆ. ಬರೀ ಥೈರಾಯ್ಡ್ ಕಮ್ಮಿ ಇದೆ ಅಂತ ಯಾರೂ ತೆಗೆಸುವುದಿಲ್ಲ, ಅದಕ್ಕೆ ಮಾತ್ರೆ ಸಾಕು.

ಪೂರ್ತಿ ತೆಗೆದರೆ ಬದುಕಿರುವಷ್ಟು ದಿನ ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ), ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಚಹಾಕ್ಕೂ ಮೊದಲು. ಧ್ವನಿಯ ನರಕ್ಕೆ ಪೆಟ್ಟಾಗಬಹುದು, ಕ್ಯಾಲ್ಸಿಯಂ ಇಳಿದು ಬೆರಳು ಜುಮ್ಮೆನ್ನಬಹುದು. ಹಾಗಾಗಿ ವರ್ಷಕ್ಕೆ ಇಂಥ ಆಪರೇಷನ್ ಎಷ್ಟು ಮಾಡುತ್ತೀರಿ ಅಂತ ಸರ್ಜನ್ ಹತ್ತಿರ ಕೇಳಲು ನಾಚಬೇಡಿ. ಇನ್ನೊಬ್ಬರ ಅಭಿಪ್ರಾಯಕ್ಕೆ ಹೋಗುವಾಗ ವರದಿ ಜೊತೆ ಸೂಜಿ ಪರೀಕ್ಷೆಯ ಮಾದರಿ ಇರುವ ಗಾಜಿನ ಸ್ಲೈಡನ್ನೂ ಒಯ್ಯಿರಿ. ಹಾಂ, ಕೇರಳದ ಆರೋಗ್ಯ ಕಾರ್ಡು ಗಡಿ ದಾಟಿದ ಮೇಲೆ ನಡೆಯುತ್ತಾ ಅಂತ ಮೊದಲೇ ವಿಚಾರಿಸಿ.