ನಂಬಿಕೆಯನ್ನು ಹೊರಗಿಟ್ಟು ಬರಬೇಡಿ

ಬೇರೆ ಬೇರೆ ಧರ್ಮದವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ ಕೆಲಸ ನನ್ನದು. ಇದರಲ್ಲಿ ನನಗೆ ದಾರಿ ತೋರಿಸಿದವರು ತತ್ವಜ್ಞಾನಿ ರೈಮೋನ್ ಪಣಿಕ್ಕರ್. 1918ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದವರು. ಅಪ್ಪ ಕೇರಳ ಮೂಲದ ಹಿಂದೂ, ಅಮ್ಮ ಸ್ಪೇನಿನ ಕ್ಯಾಟಲನ್ ಸಮುದಾಯದ ಕ್ಯಾಥೊಲಿಕ್. ಪಾದ್ರಿಯಾದ ಮೇಲೆ 1954ರಲ್ಲಿ ಭಾರತಕ್ಕೆ ಬಂದರು. ಕಾಶಿಯಲ್ಲಿದ್ದು ವೇದಗಳಲ್ಲಿ ಮುಳುಗಿದರು. ಆಯ್ದ ವೇದಮಂತ್ರಗಳ ಅವರ ದೊಡ್ಡ ಇಂಗ್ಲಿಷ್ ಸಂಕಲನ ಬಂದದ್ದು 1977ರಲ್ಲಿ. ಕ್ರೈಸ್ತನಾಗಿ ಹೊರಟೆ, ನಾನು ಹಿಂದೂ ಅಂತ ಕಂಡುಕೊಂಡೆ, ಬೌದ್ಧನಾಗಿ ಮರಳಿದೆ, ಆದರೂ ಕ್ರೈಸ್ತನಾಗಿಯೇ ಇದ್ದೇನೆ ಎಂದು ಹೇಳಿಕೊಂಡವರು ಅವರು. 2010ರಲ್ಲಿ ತೀರಿಕೊಳ್ಳುವವರೆಗೂ ಅದೇ ದಾರಿಯಲ್ಲಿ ನಡೆದರು.

ಇಂಥ ಸಭೆಗಳಲ್ಲಿ ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ: ನಿಮ್ಮ ನಂಬಿಕೆಯನ್ನು ಸ್ವಲ್ಪ ಹೊತ್ತು ಬದಿಗಿಡಿ. ಪಣಿಕ್ಕರ್ ಇದನ್ನು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ನಂಬಿಕೆಯನ್ನೇ ಬದಿಗಿಟ್ಟ ಮೇಲೆ ಮಾತಾಡಲು ಉಳಿಯುವುದು ಬರೀ ಮಾಹಿತಿ, ಅಲ್ವಾ? ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಡೀ ನಂಬಿಕೆಯ ಸಮೇತ ಬನ್ನಿ, ಅದು ಅಲುಗಾಡಿದರೂ ಪರವಾಗಿಲ್ಲ ಅನ್ನುವ ಧೈರ್ಯವೂ ಇರಲಿ.

ಇನ್ನೊಂದು ನಿಯಮವೂ ಅವರದ್ದೇ. ಒಬ್ಬರ ನಂಬಿಕೆಯನ್ನು ನಾವು ವಿವರಿಸಿದರೆ, ‘ಹೌದು, ಇದು ನಾನೇ’ ಅಂತ ಅವರಿಗೆ ಅನ್ನಿಸಬೇಕು. ಅದಕ್ಕೇ ನನ್ನ ಗುಂಪಿನಲ್ಲಿ ಉತ್ತರ ಕೊಡುವ ಮೊದಲು ಎದುರಿನವರ ಮಾತನ್ನು ತಿರುಗಿ ಹೇಳಬೇಕು.

ಒಮ್ಮೆ ಪ್ರಾರ್ಥನೆಯ ಬಗ್ಗೆ ಮಾತು ನಡೆದಿತ್ತು. “ಅಂದ್ರೆ ನೀವು ದೇವರ ಹತ್ರ ಕಷ್ಟ ಹೇಳ್ಕೋತೀರಿ” ಅಂದರು ಒಬ್ಬರು. “ಇಲ್ಲ, ನಾನು ಏನೂ ಕೇಳಲ್ಲ. ಸುಮ್ನೆ ಕೂತಿರ್ತೀನಿ” ಅಂದರು ಎದುರಿದ್ದ ಹಿರಿಯರು. ಮತ್ತೆ ಪ್ರಯತ್ನ, ಮತ್ತೆ ‘ಅದಲ್ಲ’. ಕೊನೆಗೆ ಮೊದಲನೆಯವರು, “ದೇವರು ಹತ್ರ ಇದ್ದಾನೆ ಅಂತ ಗೊತ್ತಿದ್ರೆ ಸಾಕು, ಮಾತು ಬೇಡ. ಹಾಗಾ?” ಎಂದು ಕೇಳಿದರು. ಹಿರಿಯರು ತಲೆಯಾಡಿಸಿದರು. ಆಮೇಲೆ ಮೊದಲನೆಯವರೇ, “ಹಾಗಾದ್ರೆ ನಾನ್ಯಾಕೆ ಇಷ್ಟೊಂದು ಕೇಳ್ಕೋತೀನಿ?” ಅಂದರು. ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಪಣಿಕ್ಕರ್ ಹೇಳುವ ನಿಜವಾದ ಸಂವಾದ ಶುರುವಾಗುವುದು ಇಲ್ಲೇ, ನಮ್ಮೊಳಗೆ.

ಇದಕ್ಕೆ ಸಮಯ ಜಾಸ್ತಿ ಬೇಕು. ಅದಕ್ಕೇ ಒಂದು ಸಭೆಗೆ ಒಂದೇ ಪ್ರಶ್ನೆ ಇಡುತ್ತೇನೆ. ಕೊನೆಯಲ್ಲಿ ಒಮ್ಮತದ ಹೇಳಿಕೆ ಬರೆಯುವ ಪದ್ಧತಿ ನಮ್ಮಲ್ಲಿಲ್ಲ. ಭಿನ್ನಾಭಿಪ್ರಾಯ ಉಳಿದರೆ ಮುಂದಿನ ಸಲ ಅಲ್ಲಿಂದಲೇ ಶುರು ಮಾಡುತ್ತೇವೆ.