ಇಥಿಯೋಪಿಯಾದವರ ಹಾಗೆ ಕಾಫಿ ಜೊತೆ ಪಾಪ್‌ಕಾರ್ನ್

ಧಾರವಾಡದಲ್ಲಿ ನಮ್ಮ ಮನೆಯ ಕೆಳಗಡೆ ಇಥಿಯೋಪಿಯಾದ ಗಂಡ ಹೆಂಡತಿ ಬಾಡಿಗೆಗೆ ಇದ್ದರು. ಒಂದು ಭಾನುವಾರ ಕಾಫಿಗೆ ಕರೆದರು. ಜೊತೆಗೆ ಬಿಸ್ಕತ್ತು ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಬುಟ್ಟಿ ತುಂಬ ಬಿಸಿ ಪಾಪ್‌ಕಾರ್ನ್! ಅವರ ಭಾಷೆಯಲ್ಲಿ ಅದು ಫೆಂಡಿಶಾ. ಹಾಲಿಲ್ಲದ ಕಡಕ್ ಕಾಫಿಗೆ ಅಷ್ಟು ಹೊಂದುವ ತಿಂಡಿ ನಾನು ಬೇರೆ ಕಂಡಿಲ್ಲ. ಅವತ್ತು ಆಕೆ ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನರ ಲೆಕ್ಕ.

ಮೊದಲು ಕಾಳು ನೋಡಿ. ಪಾಪ್‌ಕಾರ್ನ್ ಕಾಳಿನೊಳಗೆ ಸುಮಾರು 14 ಶೇಕಡಾ ನೀರಿನಂಶ ಇರಬೇಕು. ಕಾಳು 180 ಡಿಗ್ರಿ ಹತ್ತಿರ ಕಾದಾಗ ಒಳಗಿನ ಹಬೆ ಸಿಪ್ಪೆ ಒಡೆದು ಹೊರಗೆ ಬರುತ್ತದೆ. ಹಳೆ ಕಾಳು ಒಣಗಿರುತ್ತೆ, ಅರ್ಧಕ್ಕರ್ಧ ಅರಳುವುದೇ ಇಲ್ಲ. ಅದನ್ನು ಎಸೆಯಬೇಡಿ. ಎರಡು ಬಟ್ಟಲು ಕಾಳಿಗೆ ಒಂದು ಚಮಚ ನೀರು ಹಾಕಿ, ಬಾಟಲಿಯಲ್ಲಿ ಮುಚ್ಚಿ, ಆಗಾಗ ಕುಲುಕುತ್ತಾ ಮೂರು ದಿನ ಬಿಡಿ. ನಾಗರ ಪಂಚಮಿಗೆ ಅಳ್ಳು ಹುರಿಯುವ ಮುಂಚೆ ನಮ್ಮವ್ವ ಬಿಳಿಜೋಳಕ್ಕೆ ಬಿಸಿನೀರು ಚಿಮುಕಿಸಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದಳು. ಯಾಕೆ ಅಂತ ನನಗೆ ತಿಳಿದದ್ದು ಇದನ್ನು ಮಾಡುವಾಗಲೇ.

ಇನ್ನು ಕಾಫಿ. ಚಿಕ್ಕಮಗಳೂರಿನ ಹಸಿ ಅರೇಬಿಕಾ ಬೀಜ ಸಿಕ್ಕರೆ ಬಹಳ ಒಳ್ಳೇದು. ಅರೇಬಿಕಾದ ತವರು ಇಥಿಯೋಪಿಯಾ ತಾನೆ. ನಾಲ್ಕು ದೊಡ್ಡ ಚಮಚ ಬೀಜ ತೊಳೆದು, ದಪ್ಪ ಬಾಣಲೆಯಲ್ಲಿ ಮಧ್ಯಮ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಚಟಪಟ ಸದ್ದು ಬಂದು ಬೀಜ ಕಂದು ಬಣ್ಣಕ್ಕೆ ತಿರುಗಲಿ. ಆಮೇಲೆ ಬಾಣಲೆಯನ್ನು ಎಲ್ಲರ ಮುಂದೆ ಹಿಡಿಯಿರಿ, ಹೊಗೆಯ ಘಮ ಎಳೆದುಕೊಳ್ಳಲಿ. ಇದನ್ನು ಬಿಟ್ಟರೆ ಅರ್ಧ ಸೊಗಸೇ ಹೋಯ್ತು! ಬೀಜ ಆರಿದ ಮೇಲೆ ಕುಟ್ಟಿ ಪುಡಿ ಮಾಡಿ. ಅವರದ್ದು ಜೆಬೆನಾ ಅನ್ನುವ ಉದ್ದ ಕತ್ತಿನ ಮಣ್ಣಿನ ಹೂಜಿ. ನಾನು ಸಣ್ಣ ಪಾತ್ರೆಯಲ್ಲೇ ಮಾಡುತ್ತೇನೆ. ಮೂರು ಲೋಟ ನೀರಿನಲ್ಲಿ ಪುಡಿ ಕುದಿಸಿ, ಇಳಿಸಿ, ಗಸಿ ತಳ ಸೇರಲು ಐದು ನಿಮಿಷ ಬಿಡಿ.

ಆ ಐದು ನಿಮಿಷದಲ್ಲೇ ಪಾಪ್‌ಕಾರ್ನ್ ಮುಗಿಸಬಹುದು. ದಪ್ಪ ತಳದ ಪಾತ್ರೆಗೆ ಎರಡು ಚಮಚ ಎಣ್ಣೆ, ಮೂರೇ ಮೂರು ಕಾಳು ಹಾಕಿ. ಅವು ಅರಳಿದರೆ ಎಣ್ಣೆ ಕಾದಿದೆ ಅಂತ ಅರ್ಥ. ಪಾತ್ರೆ ಇಳಿಸಿ, ಅರ್ಧ ಬಟ್ಟಲು ಕಾಳು ಸುರಿದು, ಮೂವತ್ತು ಎಣಿಸಿ, ಮತ್ತೆ ಒಲೆಗೆ ಇಡಿ. ಹೀಗೆ ಮಾಡಿದರೆ ಎಲ್ಲ ಕಾಳೂ ಒಟ್ಟಿಗೆ ಕಾಯುತ್ತವೆ, ತಳ ಸೀಯಲ್ಲ. ಮುಚ್ಚಳ ಒಂಚೂರು ಓರೆ ಇರಲಿ. ಹಬೆ ಹೊರಗೆ ಹೋಗದಿದ್ದರೆ ಪಾಪ್‌ಕಾರ್ನ್ ಮೆತ್ತಗಾಗುತ್ತೆ. ಸದ್ದು ವಿರಳವಾದಾಗ ಇಳಿಸಿ.

ಬೆಣ್ಣೆ, ಮಸಾಲೆ ಯಾವುದೂ ಬೇಡ. ಚೂರು ಉಪ್ಪು ಅಥವಾ ಚೂರು ಸಕ್ಕರೆ ಸಾಕು. ಜರ್ಮನಿಯ ಚಿತ್ರಮಂದಿರಗಳಲ್ಲಿ ಸಿಹಿ ಪಾಪ್‌ಕಾರ್ನೇ ಮಾಮೂಲು. ಈಕ್ವೆಡಾರ್‌ನವರು ಸೆವಿಚೆ ಅನ್ನುವ ನಿಂಬೆಹುಳಿಯ ಮೀನಿನ ತಿನಿಸಿನ ಜೊತೆ ತಿನ್ನುತ್ತಾರೆ. ಕಾಫಿಗೆ ಮಾತ್ರ ಸಪ್ಪೆಯಾದಷ್ಟೂ ಚೆಂದ ಅಂತ ನನ್ನ ಅಭಿಪ್ರಾಯ.

ಬುಟ್ಟಿಯನ್ನು ನಡುವೆ ಇಟ್ಟು, ಕಾಫಿಯನ್ನು ಸಣ್ಣ ಬಟ್ಟಲುಗಳಿಗೆ ನಿಧಾನವಾಗಿ ಬಗ್ಗಿಸಿ. ಕಾಫಿ ಮೂರು ಸುತ್ತು: ಅಬೋಲ್, ತೋನಾ, ಬರಕಾ. ಪ್ರತಿ ಸಲ ಅದೇ ಪುಡಿಗೆ ನೀರು ಸೇರಿಸಿ ಕುದಿಸಬೇಕು, ಹಾಗಾಗಿ ಕಾಫಿ ತೆಳುವಾಗುತ್ತಾ ಹೋಗುತ್ತದೆ. ಬರಕಾ ಅಂದರೆ ಆಶೀರ್ವಾದ. ಅದಕ್ಕೆ ಮುಂಚೆ ಎದ್ದು ಹೋಗಬಾರದು ಅಂತ ಆಕೆ ನನ್ನ ಕೈ ಹಿಡಿದು ಕೂರಿಸಿದ್ದರು. ಅಷ್ಟು ಹೊತ್ತಿಗೆ ಬುಟ್ಟಿ ಖಾಲಿಯಾಗಿದ್ದರೆ ಇನ್ನೊಂದು ಹಿಡಿ ಕಾಳು ಒಲೆಗೆ ಹಾಕಿ.