ಲೈನ್ ಮೊದಲು, ರಾಡ್ ಆಮೇಲೆ: ಫ್ಲೈ ಫಿಶಿಂಗ್ ಸಾಮಾನು ಕೊಂಡ ನನ್ನ ಅನುಭವ

ಕೊಲರಾಡೊದಲ್ಲಿರುವ ನಮ್ಮ ಕನ್ನಡದ ಗೆಳೆಯರಲ್ಲಿ ಯಾರಿಗೆ ಫ್ಲೈ ಫಿಶಿಂಗ್, ಅಂದರೆ ನಕಲಿ ಹುಳು ಕಟ್ಟಿ ಮೀನು ಹಿಡಿಯುವ ಆಸೆ ಹುಟ್ಟಿದರೂ ಮೊದಲು ಕೇಳುವುದು, "ಯಾವ ರಾಡ್ ತಗೊಳ್ಳಲಿ?" ಅಂತ. ರಾಡ್ ಅಂದರೆ ಗಾಳದ ಕೋಲು, ಲೈನ್ ಅಂದರೆ ದಾರ. ನಾನು ಲೈನಿನಿಂದ ಶುರು ಮಾಡಿ ಅನ್ನುತ್ತೇನೆ. ನಾನು ಸಾಮಾನು ಆರಿಸಿದ್ದೂ ಅದೇ ಕ್ರಮದಲ್ಲಿ.

ನಾನು ಬೆಳೆದದ್ದು ತೀರ್ಥಹಳ್ಳಿ ಕಡೆ, ತುಂಗೆಯ ದಡದಲ್ಲಿ. ಅಲ್ಲಿ ಗಾಳಕ್ಕೆ ಎರೆಹುಳ ಚುಚ್ಚಿ, ಮೇಲೆ ಸೀಸದ ಗುಂಡು ಕಟ್ಟಿ ಎಸೆಯುತ್ತಿದ್ದೆವು. ಗುಂಡಿನ ಭಾರವೇ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಫ್ಲೈ ಅಂದರೆ ಸಣ್ಣ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳು. ಅದಕ್ಕೆ ಭಾರವೇ ಇಲ್ಲ. ಎಷ್ಟು ಜೋರಾಗಿ ಎಸೆದರೂ ಕಾಲ ಬುಡದಲ್ಲೇ ಬೀಳುತ್ತದೆ. ಹಾಗಾಗಿ ಇಲ್ಲಿ ತೂಕವನ್ನೆಲ್ಲ ಲೈನಿಗೇ ಕೊಟ್ಟಿರುತ್ತಾರೆ. ಗಾಡಿ ಹೊಡೆಯುವವರು ಬಾರುಕೋಲು ಬೀಸುವುದನ್ನು ನೋಡಿದ್ದೀರಲ್ಲ, ಕೈಯ ಬಲ ಕೋಲಿಗೆ, ಕೋಲಿನಿಂದ ಬಾರಿಗೆ, ಬಾರಿನ ತುದಿಗೆ ಓಡುತ್ತದೆ. ಇಲ್ಲೂ ಹಾಗೇ. ರಾಡ್ ಬೀಸಿದಾಗ ಗಾಳಿಯಲ್ಲಿ ಹೋಗುವುದು ಲೈನು. ಫ್ಲೈ ಅದರ ಬೆನ್ನು ಹಿಡಿದು ಹೋಗುತ್ತದೆ, ಅಷ್ಟೇ.

ಇದು ತಲೆಗೆ ಹೋದರೆ ಅಂಗಡಿಯ ಗೋಡೆ ತುಂಬ ನೇತುಹಾಕಿರುವ ಸಾಮಾನು ಗಾಬರಿ ಹುಟ್ಟಿಸುವುದಿಲ್ಲ. ರಾಡಿನ ಮೇಲೆ 5 ಅಂತ ಬರೆದಿದ್ದರೆ ಅದು 5ನೇ ನಂಬರಿನ ಲೈನಿಗೆ ಮಾಡಿದ ರಾಡ್. ಆ ಲೈನಿನ ಮುಂದಿನ 30 ಅಡಿಯ ತೂಕ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. ನಂಬರ್ ಏರಿದಷ್ಟೂ ಲೈನ್ ಭಾರ. 3ನೇ ನಂಬರ್ ಚಿಕ್ಕ ತೊರೆಯ ಪುಟ್ಟ ಮೀನಿಗೆ, 8 ಮತ್ತು ಅದಕ್ಕಿಂತ ಮೇಲಿನವು ದೊಡ್ಡ ಮೀನಿಗೆ, ದೊಡ್ಡ ಫ್ಲೈಗೆ. ಊರಿಗೆ ಹೋದಾಗ ಬಿಳಿಮೀನು ಅಂದರೆ ಮಹಸೀರ್ ಹಿಡಿಯಲು ಇದೇ ರಾಡ್ ಆಗುತ್ತಾ ಅಂತ ಕೇಳುವವರಿದ್ದಾರೆ. ಅಷ್ಟು ಬಲದ ಮೀನಿಗೆ 5 ತೀರಾ ಹಗುರ. ಅದಕ್ಕಿಂತ ಮುಖ್ಯ ಮಾತು, ಕಾವೇರಿಯ ಗೂನು ಬೆನ್ನಿನ ಮಹಸೀರ್ ಅಳಿವಿನ ಅಂಚಿನಲ್ಲಿದೆ. ಅದರ ಪಾಡಿಗೆ ಅದನ್ನು ಬಿಡೋಣ.

ನಾನಿರುವುದು ಡೆನ್ವರ್ ಹತ್ತಿರ. ಹೆಚ್ಚು ಹೋಗುವುದು ಐಡಾಹೊ ಸ್ಪ್ರಿಂಗ್ಸ್ ಕಡೆಯಿಂದ ಗೋಲ್ಡನ್‌ಗೆ ಹರಿದು ಬರುವ ಕ್ಲಿಯರ್ ಕ್ರೀಕ್‌ಗೆ. ಬಂಡೆಗಳ ನಡುವೆ ರಭಸದ ನೀರು, ಪುಟ್ಟ ಬ್ರೌನ್ ಟ್ರೌಟ್. ಸೆಳೆತ ಜೋರಾಗಿರುವುದರಿಂದ ಮೀನಿಗೆ ಯೋಚಿಸಲು ಸಮಯವಿಲ್ಲ, ಕಂಡದ್ದಕ್ಕೆ ಬಾಯಿ ಹಾಕುತ್ತದೆ. ಹೊಸಬರಿಗೆ ಇಂಥ ಜಾಗವೇ ಚೆಂದ. ಸೌತ್ ಪ್ಲಾಟ್ ನದಿಯ ಡೆಕ್ಕರ್ಸ್, ಚೀಸ್‌ಮನ್ ಕ್ಯಾನ್ಯನ್ ಹೆಸರುವಾಸಿ. ಆದರೆ ಅಣೆಕಟ್ಟಿನ ಕೆಳಗಿನ ತಿಳಿನೀರು, ದಿನಾ ಫ್ಲೈ ನೋಡಿ ನೋಡಿ ಜಾಣರಾದ ಮೀನು. ಅಲ್ಲಿಗೆ ಆಮೇಲೆ ಹೋಗಬಹುದು. ಈ ಎರಡಕ್ಕೂ ಸಾಲುವ ಒಂದೇ ರಾಡ್ ಬೇಕಿತ್ತು. 9 ಅಡಿ ಉದ್ದದ 5ನೇ ನಂಬರ್ ಅಂತ ತೀರ್ಮಾನಿಸಿದೆ.

ಲೈನ್ ಡಬ್ಬಿಯ ಮೇಲೆ ಡಬ್ಲ್ಯು ಎಫ್ 5 ಎಫ್ ಅಂತ ಇರುವುದನ್ನು ತಗೊಂಡೆ. ತೂಕ ಮುಂಭಾಗದಲ್ಲಿ ಇದೆ, 5ನೇ ನಂಬರ್, ನೀರಿನ ಮೇಲೆ ತೇಲುತ್ತದೆ, ಇಷ್ಟೇ ಅದರ ಅರ್ಥ. ಒಳ್ಳೆಯ ಲೈನ್‌ಗೆ 60, 80 ಡಾಲರ್ ಕೊಡಲು ಜೀವ ಒಪ್ಪುವುದಿಲ್ಲ, ನಿಜ. ದಾರಕ್ಕೆ ಅಷ್ಟಾ ಅನಿಸುತ್ತದೆ. ಆದರೆ ಕೈಗೆ ತಿಳಿಯುವ ವ್ಯತ್ಯಾಸ ಹೆಚ್ಚಿರುವುದು ಅಲ್ಲೇ. ಕಳಪೆ ಲೈನ್ ಸುರುಳಿ ಸುತ್ತಿಕೊಂಡೇ ಇರುತ್ತದೆ, ರಾಡಿನ ರಿಂಗುಗಳಲ್ಲಿ ಜಾರುವುದಿಲ್ಲ, ತುದಿ ಮುಳುಗುತ್ತದೆ. ಈಗಿನ ಕೆಲವು ಲೈನುಗಳನ್ನು ಬರೆದ ನಂಬರಿಗಿಂತ ಅರ್ಧ ನಂಬರಿನಷ್ಟು ಜಾಸ್ತಿ ಭಾರವಾಗಿ ಮಾಡುತ್ತಾರೆ. ನಾನು ಅಂಥದ್ದನ್ನೇ ಕೇಳಿ ತಗೊಂಡೆ. ಹತ್ತಿರದಲ್ಲಿ ಎಸೆಯುವಾಗಲೂ ರಾಡ್ ಚೆನ್ನಾಗಿ ಬಾಗುತ್ತದೆ. ಹೊಸಬರು ಎಸೆಯುವುದೆಲ್ಲ ಹತ್ತಿರಕ್ಕೇ ಅಲ್ವಾ?

ರಾಡನ್ನು ಅಂಗಡಿಯ ಹೊರಗೆ ಬೀಸಿ ನೋಡಿಯೇ ಕೊಂಡೆ. ಇಲ್ಲಿನ ಎಷ್ಟೋ ಫ್ಲೈ ಅಂಗಡಿಗಳಲ್ಲಿ ಕೇಳಿದರೆ ಲೈನ್ ಹಾಕಿ ಕೊಡುತ್ತಾರೆ, ಪಾರ್ಕಿಂಗ್ ಜಾಗದಲ್ಲೋ ಹುಲ್ಲಿನ ಮೇಲೋ ಬೀಸಬಹುದು. ಸಂಕೋಚ ಬೇಡ, ಕೇಳಿ. ತುದಿ ಮಾತ್ರ ಬಾಗುವ ಬಿರುಸು ರಾಡ್‌ಗಳು ದೂರ ಎಸೆಯುತ್ತವೆ. ಆದರೆ ಕೈಯ ಲಯ ಚೂರು ತಪ್ಪಿದರೂ ಲೈನ್ ಕುಸಿಯುತ್ತದೆ. ನಡುವಿನ ತನಕ ಬಾಗುವ ರಾಡ್‌ನಲ್ಲಿ ಭಾರ ಕೂತದ್ದು, ಬಿಟ್ಟದ್ದು ಎರಡೂ ಅಂಗೈಗೆ ಗೊತ್ತಾಗುತ್ತದೆ. ಕಲಿಯುವವರಿಗೆ ಅದೇ ಸರಿ. ನಾಲ್ಕು ತುಂಡಾಗಿ ಬಿಚ್ಚುವಂಥದ್ದನ್ನು ನೋಡಿ, ವಿಮಾನದಲ್ಲೂ ಒಯ್ಯಲು ಸುಲಭ. ಬಿಡಿಬಿಡಿಯಾಗಿ ಕೊಳ್ಳುವ ತಲೆನೋವು ಬೇಡ ಅನ್ನುವವರಿಗೆ ರಾಡ್, ರೀಲ್, ಲೈನ್ ಎಲ್ಲ ಸೇರಿದ ಸೆಟ್‌ಗಳು 200 ಡಾಲರ್ ಆಸುಪಾಸಿನಲ್ಲಿ ಸಿಗುತ್ತವೆ. ಆರ್ವಿಸ್, ರೆಡಿಂಗ್ಟನ್, ಎಕೋ ಮೂವರೂ ಮಾಡುತ್ತಾರೆ. ಸೆಟ್ ಕೊಂಡರೆ ಮುಂದೆ ಮೊದಲು ಬದಲಿಸಬೇಕಾದದ್ದು ಅದರ ಲೈನು.

ರೀಲ್‌ಗೆ ಜಾಸ್ತಿ ಖರ್ಚು ಮಾಡಲಿಲ್ಲ. ಒಂದಡಿ ಟ್ರೌಟ್‌ಗೆ ರೀಲ್ ಅಂದರೆ ಲೈನ್ ಸುತ್ತಿಡುವ ಜಾಗ. ಲೈನನ್ನು ಕೈಯಲ್ಲೇ ಎಳೆದುಕೊಳ್ಳುತ್ತೇವೆ.

ಲೈನಿನ ತುದಿಗೆ ಲೀಡರ್ ಅನ್ನುವ ದಾರ. 9 ಅಡಿ ಉದ್ದ, ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಸಣ್ಣ. ಅದರ ತುದಿಗೆ ಟಿಪ್ಪೆಟ್ ಅನ್ನುವ ತೆಳು ದಾರ. ಇದರ ಲೆಕ್ಕ ಉಲ್ಟಾ, ಎಕ್ಸ್ ನಂಬರ್ ಹೆಚ್ಚಾದಷ್ಟೂ ದಾರ ಸಣ್ಣ. 5ಎಕ್ಸ್ ಸುಮಾರು 0.15 ಮಿಲಿಮೀಟರ್. ಕೊಕ್ಕೆಯ ನಂಬರೂ ಹಾಗೇ ಉಲ್ಟಾ, 12ಕ್ಕಿಂತ 18 ಚಿಕ್ಕದು. ಕೊಕ್ಕೆಯ ನಂಬರನ್ನು ಮೂರರಿಂದ ಭಾಗಿಸಿದರೆ ಯಾವ ಎಕ್ಸ್ ಬೇಕು ಅಂತ ಅಂದಾಜು ಸಿಗುತ್ತದೆ. 16ರ ಫ್ಲೈಗೆ 5ಎಕ್ಸ್. 4ಎಕ್ಸ್, 5ಎಕ್ಸ್ ಒಂದೊಂದು ಉಂಡೆ ಇದ್ದರೆ ಶುರುವಿಗೆ ಸಾಕು.

ಫ್ಲೈಗಳನ್ನು ಮಾತ್ರ ಆನ್‌ಲೈನ್‌ನಲ್ಲಿ ನೂರರ ಪೆಟ್ಟಿಗೆ ತರಿಸಬೇಡಿ. ಹೊಳೆಗೆ ಹೋಗುವ ದಾರಿಯ ಅಂಗಡಿಯಲ್ಲಿ ಇಳಿದು, ಈ ವಾರ ಯಾವುದಕ್ಕೆ ಬೀಳ್ತಿದೆ ಅಂತ ಕೇಳಿ. ನೀರಿನಲ್ಲಿ ಈಗ ಯಾವ ಹುಳು ಏಳುತ್ತಿದೆ ಅಂತ ಅವರಿಗೆ ಗೊತ್ತು. ನನ್ನ ಡಬ್ಬಿಯಲ್ಲಿ ಖಾಯಂ ಇರುವವು ಮೇಲೆ ತೇಲುವ ಆಡಮ್ಸ್, ಎಲ್ಕ್ ಹೇರ್ ಕ್ಯಾಡಿಸ್. ನೀರೊಳಗೆ ಹೋಗುವ ಫೆಸೆಂಟ್ ಟೇಲ್, ಹೇರ್ಸ್ ಇಯರ್, ಜೀಬ್ರಾ ಮಿಜ್. ಇವುಗಳಿಂದಲೇ ಒಂದು ಬೇಸಿಗೆ ಕಳೆಯಬಹುದು. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಅಮುಕಿ ಬಿಡಿ. ಮೀನಿನ ಬಾಯಿ ಹರಿಯುವುದಿಲ್ಲ, ಬಿಡಿಸುವುದೂ ಸಲೀಸು. ಚೀಸ್‌ಮನ್ ಕ್ಯಾನ್ಯನ್‌ನಲ್ಲಿ ಹಿಡಿದದ್ದನ್ನೆಲ್ಲ ವಾಪಸ್ ಬಿಡಲೇಬೇಕು ಅನ್ನುವ ನಿಯಮವಿದೆ. ನಾನು ಎಲ್ಲ ಕಡೆಯೂ ಬಿಡುತ್ತೇನೆ.

ಬಿಲ್ ಏರುವುದು ಬಟ್ಟೆಬರೆಯಲ್ಲಿ. ನೀರು ಒಳಗೆ ಬರದಂತೆ ಎದೆವರೆಗೆ ಹಾಕುವ ವೇಡರ್, ಹತ್ತಾರು ಜೇಬಿನ ಜಾಕೆಟ್ ಮೊದಲ ಬೇಸಿಗೆಗೆ ಬೇಡ. ಮೇ, ಜೂನ್‌ನಲ್ಲಿ ಹಿಮ ಕರಗಿ ಹೊಳೆ ಉಕ್ಕಿರುತ್ತದೆ, ಆಗ ದಡದಲ್ಲೇ ಇರಬೇಕು. ಜುಲೈ, ಆಗಸ್ಟ್‌ನಲ್ಲಿ ಚಡ್ಡಿ ಹಾಕಿ, ಹಿಡಿತವಿರುವ ಬೂಟಿನಲ್ಲೇ ಇಳಿಯಬಹುದು. ಬೂಟಿನ ತಳ ರಬ್ಬರಿನದಿರಲಿ. ಫೆಲ್ಟ್ ಅನ್ನುವ ದಪ್ಪ ಬಟ್ಟೆಯ ತಳ ತೇವ ಹಿಡಿದಿಟ್ಟುಕೊಂಡು ಒಂದು ಹೊಳೆಯ ರೋಗ, ಪಾಚಿಯನ್ನು ಇನ್ನೊಂದಕ್ಕೆ ಒಯ್ಯುತ್ತದೆ. ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್‌ನಲ್ಲಿ ಅದನ್ನು ನಿಷೇಧಿಸಿದ್ದಾರೆ. ಪೋಲರೈಸ್ಡ್ ಕನ್ನಡಕಕ್ಕೆ ಮಾತ್ರ ದುಡ್ಡು ಹಾಕಲೇಬೇಕು. ನೀರಿನ ಹೊಳಪು ಕತ್ತರಿಸಿ ಮೀನು ಕಾಣಿಸುತ್ತದೆ, ಕಾಲಿಡುವ ಕಲ್ಲು ಕಾಣಿಸುತ್ತದೆ, ತಪ್ಪಿ ಬಂದ ಕೊಕ್ಕೆಯಿಂದ ಕಣ್ಣೂ ಉಳಿಯುತ್ತದೆ.

ಕೊಲರಾಡೊದಲ್ಲಿ ಮೀನು ಹಿಡಿಯಲು 16 ವರ್ಷ ಆದವರಿಗೆಲ್ಲ ಲೈಸೆನ್ಸ್ ಬೇಕು. ಕೊನೆಯದಾಗಿ ಚೀಲಕ್ಕೆ ಸೇರಿಸಿದ್ದು ನೀರಿನ ಥರ್ಮಾಮೀಟರ್. ಟ್ರೌಟ್ ತಣ್ಣೀರಿನ ಮೀನು. ನೀರು ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಉಸಿರಾಟವೇ ಕಷ್ಟ, ಹಿಡಿದು ಬಿಟ್ಟರೂ ಸಾಯಬಹುದು. ಅದಕ್ಕೆ ನಡುಬೇಸಿಗೆಯಲ್ಲಿ ಬೆಳಕು ಹರಿಯುವಾಗ ಹೋಗಿ, ಅಷ್ಟು ಬಿಸಿ ಏರುವ ಮೊದಲೇ ಲೈನ್ ಸುತ್ತುತ್ತೇನೆ.